ಬಾಗಿಲ ಹಿಂದಿನ ಮೊಳೆ

ಕಲಾ ಸಂಘದ ಬೇಸಿಗೆ ಪ್ರದರ್ಶನಕ್ಕೆ ಭೂಗೋಳದ ಮೇಡಂ ಹನ್ನೊಂದು ವರ್ಷ ಒಂದೂ ತಪ್ಪಿಸದೆ ಚಿತ್ರ ಕೊಟ್ಟಿದ್ದರು. ಹನ್ನೊಂದು ವರ್ಷವೂ ಒಮ್ಮೆಯೂ ತಪ್ಪದೆ ಅದು ಬಾಗಿಲ ಹಿಂದೆಯೇ ನೇತಾಡಿತ್ತು.

ಸಂಘದ ಸಭಾಂಗಣಕ್ಕೆ ಇದ್ದದ್ದು ಒಂದೇ ಬಾಗಿಲು, ಅದೂ ಒಳಗಡೆಗೆ ತೆರೆಯುವ ಭಾರೀ ಬಾಗಿಲು. ಪ್ರದರ್ಶನದ ದಿನಗಳಲ್ಲಿ ಅದನ್ನು ಪೂರ್ತಿ ತೆರೆದು ಅಡಿಗೊಂದು ಮರದ ಚೂರು ಸಿಕ್ಕಿಸಿದರೆ, ಬಾಗಿಲಿಗೂ ಗೋಡೆಗೂ ನಡುವೆ ಒಬ್ಬರು ಹೇಗೋ ನುಸುಳಿ ನಿಲ್ಲುವಷ್ಟು ಸಂದಿ ಉಳಿಯುತ್ತಿತ್ತು. ಆ ಸಂದಿಯ ಗೋಡೆಯಲ್ಲೂ ಒಂದು ಮೊಳೆಯಿತ್ತು. ಸಂಘದ ಸದಸ್ಯರು ನಲವತ್ತೊಂದು. ಬೆಳಕು ಬೀಳುವ ಮೊಳೆಗಳು ನಲವತ್ತು. ನಲವತ್ತೊಂದನೆಯ ಮೊಳೆಗೂ ಯಾರಾದರೂ ಬೇಕಲ್ಲ! "ಮೇಡಂ ಏನೂ ಅಂದ್ಕೊಳ್ಳಲ್ಲ ಬಿಡಿ" ಎಂದು ಯಾರೋ ಮೊದಲ ವರ್ಷ ಹೇಳಿದ್ದರು. ಮೇಡಂ ಏನೂ ಅಂದುಕೊಳ್ಳದವರಂತೆ ನಕ್ಕಿದ್ದರು. ಆ ಒಂದು ನಗೆ ಅವರಿಗೆ ಹನ್ನೊಂದು ವರ್ಷಕ್ಕೆ ದುಬಾರಿಯಾಯಿತು.

ಅವರು ಬರೆಯುತ್ತಿದ್ದುದು ಬೆಟ್ಟಗಳನ್ನು. ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ಭೂಗೋಳ ಕಲಿಸಿದ ಕೈ. ಬೆಟ್ಟದ ಇಳಿಜಾರು, ಬಂಡೆಯ ಪದರ, ನೀರು ಹರಿಯಬೇಕಾದ ದಿಕ್ಕು ಎಲ್ಲವೂ ಕರಾರುವಾಕ್ಕು. ಆ ಬೆಟ್ಟ ನೋಡಿದವರಿಗೆ ಹತ್ತಬೇಕು ಅನ್ನಿಸುತ್ತಿರಲಿಲ್ಲ, ಪರೀಕ್ಷೆಗೆ ಓದಿಕೊಳ್ಳಬೇಕು ಅನ್ನಿಸುತ್ತಿತ್ತು.

ಸಂಘದ ಅಧ್ಯಕ್ಷರು ದಂತವೈದ್ಯರು. ಅವರದು ಪ್ರತಿ ವರ್ಷವೂ ಕುದುರೆ. ಆ ಕುದುರೆಗೆ ಕಾಲು ನಾಲ್ಕೋ ಐದೋ ಎಂಬುದರ ಬಗ್ಗೆ ಭಿನ್ನಾಭಿಪ್ರಾಯವಿರಬಹುದಿತ್ತು, ಆದರೆ ಹಲ್ಲಿನ ವಿಷಯದಲ್ಲಿ ಯಾರೂ ಚಕಾರವೆತ್ತುವಂತಿರಲಿಲ್ಲ. ಪ್ರೇಕ್ಷಕರು ಚೀಟಿ ಹಾಕಿ ಆರಿಸುವ 'ಜನ ಮೆಚ್ಚಿದ ಚಿತ್ರ' ಬಹುಮಾನ ವರ್ಷವರ್ಷವೂ ಕುದುರೆಗೇ ಹೋಗುತ್ತಿತ್ತು. ಅದರಲ್ಲಿ ಆಶ್ಚರ್ಯವೇನಿಲ್ಲ, ಊರಿನ ಅರ್ಧ ಜನರ ಬಾಯಿ ಅವರ ಕೈಯಲ್ಲಿತ್ತು.

ಹೀಗಿರುವಾಗ ಆ ವರ್ಷ ಒಂದು ಅನಾಹುತವಾಯಿತು. ಯಾವಾಗಲೂ ಚಿತ್ರ ನೇತುಹಾಕುತ್ತಿದ್ದ ಡ್ರಾಯಿಂಗ್ ಮಾಸ್ತರರು ಮನೆಯ ಬಲ್ಬು ಬದಲಾಯಿಸಲು ಹೋಗಿ ಸ್ಟೂಲಿನಿಂದ ಬಿದ್ದು ಸೊಂಟ ಹಿಡಿಸಿಕೊಂಡು ಮಲಗಿದರು. ಯಾವ ಚಿತ್ರ ಎಲ್ಲಿ ಎಂದು ತೀರ್ಮಾನಿಸುವವರು ಯಾರು? ಆ ಕೆಲಸ ವಹಿಸಿಕೊಂಡವರಿಗೆ ನಲವತ್ತು ಜನ ಶತ್ರುಗಳಾಗುವುದು ಖಚಿತವಾದ್ದರಿಂದ ಎಲ್ಲರೂ ಒಬ್ಬರನ್ನೊಬ್ಬರು ಹೊಗಳತೊಡಗಿದರು. ಕೊನೆಗೆ ಕಾರ್ಯದರ್ಶಿ ಬಾಯಿಬಿಟ್ಟರು. ಇವರು ಔಷಧಿ ಅಂಗಡಿಯವರು. ಸಂಘದ ನಿಯಮಾವಳಿಯನ್ನು ಸದಾ ಜೇಬಿನಲ್ಲಿ ಮಡಿಸಿಟ್ಟುಕೊಂಡೇ ಓಡಾಡುವವರು.

"ಮೇಡಂಗೆ ಕೊಡೋಣ. ದಿಕ್ಕು-ದೆಸೆ ಗೊತ್ತಿರೋರು. ಮೇಲಾಗಿ ಯಾರ ಹಂಗೂ ಇಲ್ಲದೋರು."

"ಅವರು ಏನೂ ಅಂದ್ಕೊಳ್ಳಲ್ಲ" ಎಂದರು ಅಧ್ಯಕ್ಷರು.

ಮೇಡಂ ಈ ಬಾರಿಯೂ ನಕ್ಕರು. ಆದರೆ ಈ ನಗೆಯ ಒಳಗಡೆ ಬೇರೆ ಏನೋ ಇತ್ತು.

ಮರುದಿನದಿಂದಲೇ ಅವರ ಮನೆಯ ಕರೆಗಂಟೆಗೆ ಬಿಡುವಿಲ್ಲದಾಯಿತು. ಹನ್ನೊಂದು ವರ್ಷದಲ್ಲಿ "ನಿಮ್ಮ ಚಿತ್ರ ಎಲ್ಲಿತ್ತು ಮೇಡಂ, ಕಾಣಲೇ ಇಲ್ಲ" ಎಂದಷ್ಟೇ ಕೇಳಿದ್ದವರು ಈಗ ಬೆಟ್ಟಗಳ ಆಳ-ಎತ್ತರಗಳ ಬಗ್ಗೆ ಮಾತಾಡಿದರು. ಬ್ಯಾಂಕ್ ಮ್ಯಾನೇಜರರ ಹೆಂಡತಿ ಮೂರು ಹೂಕುಂಡ ತಂದುಕೊಟ್ಟು, ತನ್ನ ಸೂರ್ಯಾಸ್ತಕ್ಕೆ ಪಶ್ಚಿಮದ ಗೋಡೆಯೇ ಬೇಕು, ಇಲ್ಲವಾದರೆ ಅದು ಸೂರ್ಯೋದಯವೆಂದು ಜನ ತಪ್ಪು ತಿಳಿಯುತ್ತಾರೆ ಎಂದು ವಿವರಿಸಿದಳು. ಅಧ್ಯಕ್ಷರು ಸ್ವತಃ ಫೋನ್ ಮಾಡಿ, "ನನಗೆ ಎಲ್ಲಾದರೂ ಆಯ್ತು ಮೇಡಂ, ನನ್ನ ಕುದುರೆಗೆ ಮಾತ್ರ ಎದುರುಗಡೆ ಜಾಗ ಕೊಡಿ, ಅದಕ್ಕೆ ಓಡೋಕೆ ಬೇಕಲ್ವಾ" ಎಂದರು. ಜೊತೆಗೆ ಮೇಡಂ ಅವರ ದವಡೆ ಹಲ್ಲಿನ ಕ್ಷೇಮವನ್ನೂ ವಿಚಾರಿಸಿದರು.

ಎಲ್ಲರಿಗೂ ಮೇಡಂ ಕೊಟ್ಟ ಉತ್ತರ ಒಂದೇ: "ನ್ಯಾಯವಾಗಿ ಮಾಡ್ತೀನಿ." ಹೇಳುತ್ತ ಹೇಳುತ್ತ ಆ ಮಾತು ಅವರಿಗೇ ಎಷ್ಟು ಹಿಡಿಸಿತೆಂದರೆ, ಕನ್ನಡಿ ಮುಂದೆ ತಲೆ ಬಾಚುವಾಗಲೂ ಒಮ್ಮೆ ಹೇಳಿಕೊಂಡರು.

ಬಾರದೇ ಇದ್ದವಳು ಅವರ ತಂಗಿ ಒಬ್ಬಳೇ. ಅವಳು ದರ್ಜಿ. ಪೇಟೆ ಬೀದಿಯಲ್ಲಿ ಎರಡು ಹೊಲಿಗೆ ಯಂತ್ರ, ಒಂದು ನಿಲುವುಗನ್ನಡಿ, ಪರದೆ ಕಟ್ಟಿದ ಒಂದು ಮೂಲೆ, ಇಷ್ಟೇ ಅವಳ ಅಂಗಡಿ. ಹೋದ ಚಳಿಗಾಲದಲ್ಲಿ, ಗಿರಾಕಿ ಕಡಿಮೆಯಿದ್ದ ದಿನಗಳಲ್ಲಿ, ಬಟ್ಟೆಗೆ ಗುರುತು ಹಾಕುವ ಚಾಕ್‌ಪೀಸಿನಿಂದ ಏನೇನೋ ಗೀಚಲು ಶುರುಮಾಡಿ, ಆಮೇಲೆ ಬಣ್ಣದ ಡಬ್ಬಿ ತಂದಿದ್ದಳು. ಸದಸ್ಯರೊಬ್ಬರು ಊರು ಬಿಟ್ಟಿದ್ದರಿಂದ ಖಾಲಿಯಾದ ಜಾಗಕ್ಕೆ ಅವಳನ್ನು ಸೇರಿಸಿದ್ದೇ ಮೇಡಂ. "ಸುಮ್ಮನೆ ಹೊತ್ತು ಕಳೆಯೋಕೆ ಒಳ್ಳೇದು ಕಣೇ" ಎಂದು ದೊಡ್ಡಕ್ಕನ ಗತ್ತಿನಲ್ಲಿ ಹೇಳಿ ಅರ್ಜಿ ತುಂಬಿಸಿದ್ದರು.

ಚಿತ್ರ ನೇತುಹಾಕುವ ದಿನ ಮೇಡಂ ಬೆಳಿಗ್ಗೆಯೇ ಸಭಾಂಗಣಕ್ಕೆ ಬಂದರು. ನಲವತ್ತೊಂದು ಚಿತ್ರಗಳೂ ಗೋಡೆಗೊರಗಿ, ಶಿಕ್ಷೆಗೆ ನಿಲ್ಲಿಸಿದ ಮಕ್ಕಳಂತೆ ಕಾದಿದ್ದವು. ಮೇಡಂ ಸ್ಕೇಲು, ಪೆನ್ಸಿಲು ಹಿಡಿದು ಒಂದೊಂದನ್ನೇ ನೋಡುತ್ತ ಬಂದರು. ಹದಿನೆಂಟು ಹೂದಾನಿ. ಆರು ಬೆಕ್ಕು. ಸೂರ್ಯಾಸ್ತವೇ ಇರಬೇಕೆನ್ನಿಸುವ ಒಂದು ಸೂರ್ಯಾಸ್ತ. ಹಲ್ಲು ಕಿರಿದ ಕುದುರೆ. ಕಟ್ಟಕಡೆಗೆ, ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿದ್ದ ತಂಗಿಯ ಚಿತ್ರ. ಬಿಚ್ಚಿದರು.

ಬಿಚ್ಚಿದವರು ಅಲ್ಲೇ ನಿಂತುಬಿಟ್ಟರು.

ಹೊಲಿಗೆ ಅಂಗಡಿಯ ಪರದೆ ಮೂಲೆ. ನಿಲುವುಗನ್ನಡಿ. ಕನ್ನಡಿಯೊಳಗೆ ಒಬ್ಬ ಹೆಂಗಸು. ಮೈಮೇಲೆ ಅರ್ಧ ಹೊಲಿದ ಉಡುಪು, ಅದರ ಬಿಳಿ ಕಚ್ಚಾ ಹೊಲಿಗೆ ಇನ್ನೂ ಬಿಚ್ಚಿಲ್ಲ. ಸೊಂಟದ ಸುತ್ತ ಹಳದಿ ಟೇಪು, ಅದನ್ನು ಬಿಗಿಯಾಗಿ ಹಿಡಿದ ಎರಡು ಕೈ. ಹೆಂಗಸು ಹೊಟ್ಟೆಯನ್ನು ಬೆನ್ನಿಗಂಟುವಂತೆ ಒಳಗೆಳೆದುಕೊಂಡು, ಉಸಿರು ಬಿಗಿಹಿಡಿದು, ದೇವರೇ ಕಾಪಾಡು ಎನ್ನುವಂತೆ ಮುಖವನ್ನು ಸೂರಿನ ಕಡೆ ಎತ್ತಿದ್ದಾಳೆ. ಹಾಗಾಗಿ ಕಾಣುವುದು ಗಲ್ಲ, ಕೊರಳು, ಎರಡು ಮೂಗಿನ ಹೊಳ್ಳೆ ಅಷ್ಟೇ. ಬಲಗಾಲಿನ ಹೆಬ್ಬೆರಳು ನೆಲ ಬಿಟ್ಟು ಮೇಲೆದ್ದಿದೆ. ಇನ್ನೊಂದು ಗಳಿಗೆಯಲ್ಲಿ ಅವಳು ಉಸಿರು ಬಿಡುತ್ತಾಳೆ, ಬಿಟ್ಟೊಡನೆ ಟೇಪು ಸತ್ಯ ಹೇಳುತ್ತದೆ. ನೋಡುತ್ತ ನಿಂತ ಮೇಡಂ ಅವರೂ ಗೊತ್ತಿಲ್ಲದೆ ಉಸಿರು ಹಿಡಿದಿದ್ದರು.

ಮೊದಲು ಅವರಿಗೆ ಅನ್ನಿಸಿದ್ದು, ಇದು ಚಿತ್ರ. ಉಳಿದ ನಲವತ್ತು ಬೇರೆ ಏನೋ. ಆ ನಲವತ್ತರಲ್ಲಿ ತಮ್ಮದೂ ಒಂದು. ಎರಡನೆಯದಾಗಿ ಅನ್ನಿಸಿದ್ದು, ಈ ಹೆಬ್ಬೆರಳು ನನ್ನದು! ಉಸಿರು ಹಿಡಿದಾಗ ಹೆಬ್ಬೆರಳೆತ್ತುವುದು ಅವರ ಹುಟ್ಟುಗುಣ. ಹೋದ ತಿಂಗಳು ತಾನೆ ತಂಗಿಯ ಅಂಗಡಿಯಲ್ಲಿ ಅಳತೆ ಕೊಟ್ಟಿದ್ದರು. ಹಾಗಾದರೆ ಟೇಪು ಹಿಡಿದು "ಸ್ವಲ್ಪ ಉಸಿರು ಬಿಡು ಅಕ್ಕ" ಎನ್ನುತ್ತಲೇ ಈ ಕಳ್ಳಿ ತನ್ನನ್ನು ಕಣ್ಣಲ್ಲೇ ಬರೆದುಕೊಂಡಳೇ? ಹನ್ನೊಂದು ವರ್ಷ ಗೆಯ್ದ ತನಗೆ ಬಾರದ್ದು, ನಾಲ್ಕು ತಿಂಗಳಿಗೆ ಇವಳಿಗೆ ಬಂದುಬಿಟ್ಟಿತೇ? ಅದೂ ತನ್ನ ಹೊಟ್ಟೆಯನ್ನೇ ಬಂಡವಾಳ ಮಾಡಿಕೊಂಡು!

ಹೊಟ್ಟೆಯ ಚಿತ್ರ ಹೊಟ್ಟೆಯೊಳಗೆ ಕಿಚ್ಚಿಟ್ಟಿತು. ಮೇಡಂ ಚಿತ್ರ ಎತ್ತಿಕೊಂಡು ನೆಟ್ಟಗೆ ನಡೆದರು. ಬಾಗಿಲು ಅರ್ಧ ಮುಚ್ಚಿ, ತಮಗೆ ಚಿರಪರಿಚಿತವಾದ ಆ ಮೊಳೆಗೆ ಅದನ್ನು ಸಿಕ್ಕಿಸಿ, ಬಾಗಿಲನ್ನು ಮತ್ತೆ ಪೂರ್ತಿ ತೆರೆದು ಕೆಳಗೆ ಮರದ ಚೂರು ಒದ್ದರು. 'ಹೊಸಬರು ಅಲ್ಲಿಂದಲೇ ಶುರುಮಾಡಬೇಕು. ಸಂಪ್ರದಾಯ' ಎಂದುಕೊಂಡರು. ತಮ್ಮ ಬೆಟ್ಟಕ್ಕೆ ಎದುರು ಗೋಡೆಯಲ್ಲಿ ಕುದುರೆಯ ಪಕ್ಕದ ಜಾಗವೇ ನ್ಯಾಯವಾಗಿ ಒದಗಿಬಂತು.

ಉದ್ಘಾಟನೆಯ ಸಂಜೆ ಸೆಕೆ ಸುಡುತ್ತಿತ್ತು. ಮುಖ್ಯ ಅತಿಥಿ ಪತ್ರಿಕೆಯ ಕಲಾವಿಮರ್ಶಕರು, ಬರುವುದು ತಡವಾಗಿತ್ತು. ತಂಗಿ ಎಲ್ಲರಿಗಿಂತ ಮೊದಲೇ ಬಂದು, ಒಂದು ಸುತ್ತು ಹಾಕಿ, ಒಂದು ಲೋಟ ನೀರು ಕುಡಿದು, "ಅಂಗಡೀಲಿ ಗಿರಾಕಿ ಕಾಯ್ತಿದಾರೆ ಅಕ್ಕ" ಎಂದು ಹೊರಟುಹೋದಳು. ತನ್ನ ಚಿತ್ರ ಎಲ್ಲಿ ಎಂದು ಕೇಳಲಿಲ್ಲ. ಕೇಳಲಿಲ್ಲವಾದ್ದರಿಂದ ಮೇಡಂ ಹೇಳಲೂ ಇಲ್ಲ. ಅವರು ತಮ್ಮ ಬೆಟ್ಟದ ಪಕ್ಕದಲ್ಲಿ ಕಾವಲಿಗೆ ನಿಂತಂತೆ ನಿಂತರು. ಜನ ಬಂದರು, ಕುದುರೆಯ ಹಲ್ಲು ನೋಡಿದರು, ಬೆಟ್ಟದ ಮೇಲೆ ಹಾಗೇ ಕಣ್ಣು ಜಾರಿಸಿಕೊಂಡು ಬೆಕ್ಕುಗಳ ಕಡೆ ಹೋದರು. ಬಾಗಿಲ ಹಿಂದಿದ್ದಾಗ ಯಾರೂ ನೋಡದೇ ಇದ್ದುದಕ್ಕೆ ಒಂದು ಕಾರಣವಾದರೂ ಇತ್ತು.

ಅಷ್ಟರಲ್ಲಿ ಅಧ್ಯಕ್ಷರ ಹೆಂಡತಿ, ಚಪ್ಪಲಿಯ ಕಿತ್ತ ಪಟ್ಟಿ ಸರಿಮಾಡಿಕೊಳ್ಳಲು ಮರೆ ಹುಡುಕುತ್ತ, ಬಾಗಿಲ ಸಂದಿಗೆ ನುಸುಳಿದರು. ಬಹಳ ಹೊತ್ತಾದರೂ ಹೊರಗೆ ಬರಲಿಲ್ಲ. ಒಳಗಿನಿಂದ "ಅಯ್ಯೋ! ಇದು ನಾನು!" ಎಂಬ ಕೂಗು ಮಾತ್ರ ಬಂತು. ಬೆಳಕು ಸಾಲದೆ ಅವರು ಮರದ ಚೂರನ್ನು ಕಾಲಿನಿಂದ ಸರಿಸಿ ಬಾಗಿಲನ್ನು ಮುಂದಕ್ಕೆ ದೂಡಿದರು. ಬಾಗಿಲು ಮುಚ್ಚಿಕೊಂಡಿತು. ಸರಿಯಾಗಿ ಅದೇ ಗಳಿಗೆಗೆ ಹೊರಗೆ ಕಾರು ನಿಂತು, ಅಧ್ಯಕ್ಷರು ವಿಮರ್ಶಕರ ಕೈಹಿಡಿದು ಮೆಟ್ಟಿಲೇರಿಸಿ, "ಬನ್ನಿ ಸಾರ್, ಕಲೆಯ ಬಾಗಿಲು ಸದಾ ತೆರೆದಿರತ್ತೆ" ಎನ್ನುತ್ತ ಮುಚ್ಚಿದ ಬಾಗಿಲನ್ನು ಕಂಡು ಗಾಬರಿಯಾಗಿ, ಭುಜ ಕೊಟ್ಟು ತಳ್ಳಿದರು. ಠಪ್ ಎಂದು ಬಾಗಿಲು ಅವರ ಹೆಂಡತಿಯ ಹಣೆಗೆ ಬಡಿಯಿತು.

ಉದ್ಘಾಟನೆ ಮಂಜುಗಡ್ಡೆಯೊಂದಿಗೆ ನೆರವೇರಿತು. ವಿಮರ್ಶಕರು ಗಡಿಬಿಡಿಯಲ್ಲಿ ಎದುರು ಗೋಡೆಯೊಂದನ್ನೇ ನೋಡಿ ಹೋದರು. ಮರುದಿನದ ಪತ್ರಿಕೆಯಲ್ಲಿ 'ಅಶ್ವದ ದಂತಪಂಕ್ತಿಯಲ್ಲಿ ಅಡಗಿರುವ ಅಸ್ತಿತ್ವದ ಆತಂಕ'ದ ಬಗ್ಗೆ ಒಂದು ಪೂರ್ಣ ಕಾಲಂ ಬಂತು. ಕೊನೆಯಲ್ಲಿ, 'ಇತರರೂ ಭಾಗವಹಿಸಿದ್ದರು.'

ಆದರೆ ಊರು ಪತ್ರಿಕೆ ಓದಿ ಬರಲಿಲ್ಲ. ಅಧ್ಯಕ್ಷರ ಹೆಂಡತಿಯ ಹಣೆಯ ಮೇಲಿನ ಬುಗುಟು ನೋಡಿ ಬಂತು. ಬಾಗಿಲ ಹಿಂದೆ ಅಂಥದ್ದೇನಿದೆ? ಒಬ್ಬೊಬ್ಬರೇ ಸಂದಿಗೆ ನುಸುಳುವುದು, ಹೊರಗೆ ಸಾಲು ಬೆಳೆಯುವುದು. ಒಳಗೆ ಹೋದ ಹೆಂಗಸರೆಲ್ಲ ಬರುವಾಗ ಹೊಟ್ಟೆ ಒಳಗೆಳೆದುಕೊಂಡೇ ಬರುತ್ತಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇಲ್ಲಿ ಇಡೀ ಊರೇ ಮುಟ್ಟಿ ನೋಡಿಕೊಂಡಿತು, ಹೆಗಲನ್ನಲ್ಲ. ಅಧ್ಯಕ್ಷರ ಹೆಂಡತಿ ಮೊದಲ ದಿನ, "ನನ್ನನ್ನ ಕೇಳದೆ ಬರೆದಿದಾರೆ, ಕೂಡಲೇ ತೆಗೆಸಿ" ಎಂದರು. ಎರಡನೆಯ ದಿನ ಬ್ಯಾಂಕ್ ಮ್ಯಾನೇಜರರ ಹೆಂಡತಿ "ಅದು ನಾನು ಕಣ್ರೀ, ಗಲ್ಲ ನೋಡಿದ್ರೆ ಗೊತ್ತಾಗಲ್ವಾ" ಎಂದದ್ದು ಕಿವಿಗೆ ಬಿತ್ತು. ಮೂರನೆಯ ದಿನ ಅಧ್ಯಕ್ಷರ ಹೆಂಡತಿ ಬಂದವರೇ, "ನನ್ನನ್ನ ಬಾಗಿಲ ಹಿಂದೆ ಹಾಕೋಕೆ ನಿಮಗೆಷ್ಟು ಧೈರ್ಯ ಮೇಡಂ?" ಎಂದು ತಗಾದೆ ತೆಗೆದರು. ಅಂಗಡಿ ಬೀದಿಯ ಗಂಡಸೊಬ್ಬರೂ ಸಂದಿಯಿಂದ ಬೆವರೊರೆಸಿಕೊಳ್ಳುತ್ತ ಬಂದು, ಬೆಲ್ಟಿನ ತೂತು ಒಂದು ಸಡಿಲಿಸಿ, ಚೀಟಿ ಹಾಕಿ ಹೋದರು.

ಚೀಟಿ ಎಣಿಸಿದಾಗ ಕುದುರೆಗೆ ಅರವತ್ತೊಂದು, ಬಾಗಿಲ ಹಿಂದಿನ ಹೆಂಗಸಿಗೆ ನೂರ ಹನ್ನೆರಡು. ಬೆಟ್ಟಕ್ಕೆ ಒಂದು. ಅದು ಯಾರದೆಂದು ಹೇಳಬೇಕಾಗಿಲ್ಲ.

ತುರ್ತು ಸಮಿತಿ ಸಭೆ ಸೇರಿತು. ಐವರು ಗಂಡಸರು, ಮತ್ತು ಆ ವರ್ಷದ ಮಟ್ಟಿಗೆ ಮೇಡಂ. ಅಧ್ಯಕ್ಷರು ಕೆಮ್ಮಿದರು. ಕಾರ್ಯದರ್ಶಿ ಜೇಬಿನಿಂದ ನಿಯಮಾವಳಿ ತೆಗೆದು ಮಡಿಕೆ ಬಿಡಿಸಿದರು.

"ಏಳನೇ ನಿಯಮ. ಚಿತ್ರವು ಕಾಗದ ಅಥವಾ ಕ್ಯಾನ್ವಾಸಿನ ಮೇಲೆ ಇರತಕ್ಕದ್ದು. ಈ ಚಿತ್ರ ಇರೋದು ಅಂಗಿ ಕಾಲರಿನ ಒಳಗೆ ಇಡ್ತಾರಲ್ಲ, ಆ ದಪ್ಪ ಬಟ್ಟೆ ಮೇಲೆ. ಹಿಂದುಗಡೆ ತಿರುಗಿಸಿ ನೋಡಿದೀನಿ. ಆದ್ದರಿಂದ ಇದು ಸ್ಪರ್ಧೆಗೆ ಬರಲ್ಲ."

"ಛೆ, ಪಾಪ" ಎಂದರು ಅಧ್ಯಕ್ಷರು, ಮುಖವೆಲ್ಲ ಹಲ್ಲಾಗಿ. "ಕಾನೂನು ಅಂದ್ಮೇಲೆ ಏನು ಮಾಡೋದು. ಮೇಡಂ ಏನೂ ಅಂದ್ಕೊಳ್ಳಲ್ಲ."

ಮೇಡಂ ಸುಮ್ಮನೇ ಇದ್ದಿದ್ದರೆ ಎಲ್ಲವೂ ಸರಿಹೋಗುತ್ತಿತ್ತು, ಅವರ ಹೊಟ್ಟೆಯೊಳಗಿನ ಬೆಂಕಿಯೂ ಆರುತ್ತಿತ್ತು. ಆದರೆ ಇಪ್ಪತ್ತೆಂಟು ವರ್ಷ ತಪ್ಪು ಉತ್ತರಕ್ಕೆ ಕೆಂಪು ಗೀಟು ಎಳೆದ ಕೈ. ತಪ್ಪು ಕಣ್ಣೆದುರು ಬಿದ್ದಿರುವಾಗ ಸುಮ್ಮನಿರಲು ಬರಲಿಲ್ಲ.

"ಅಂದ್ಕೊಳ್ತೀನಿ" ಎಂದರು.

"ಏನಂದ್ರಿ?"

"ಅಂದ್ಕೊಳ್ತೀನಿ ಅಂದೆ. ಆ ದಪ್ಪ ಬಟ್ಟೆಗೆ ಅಂಗಡೀಲಿ ಏನಂತ ಕೇಳಬೇಕು ಗೊತ್ತಾ? ಕ್ಯಾನ್ವಾಸ್ ಅಂತ. ಬೀದಿಯ ಯಾವ ದರ್ಜಿನ ಬೇಕಾದ್ರೂ ಕೇಳಿ. ನಿಮ್ಮ ನಿಯಮದಲ್ಲಿ ಯಾವ ಕ್ಯಾನ್ವಾಸ್ ಅಂತ ಬರೆದಿಲ್ಲ. ಅಷ್ಟು ದೂರ ಯಾಕೆ, ಎಲ್ಲರ ಕೊರಳಲ್ಲೂ ಇದೆ. ಮುಟ್ಟಿ ನೋಡ್ಕೊಳ್ಳಿ."

ಐವರು ಗಂಡಸರೂ ಏಕಕಾಲಕ್ಕೆ ಕಾಲರಿಗೆ ಕೈ ಹಾಕಿದರು. ಕಾರ್ಯದರ್ಶಿಯಂತೂ ಅದನ್ನು ಎರಡು ಬೆರಳಲ್ಲಿ ಹೊಸೆದು ನೋಡಿ, ನಿಯಮಾವಳಿಯನ್ನು ಮತ್ತೆ ಮಡಿಸಿದರು. "ಮನೇಲಿ ನಿಮ್ಮವರು ಯಾರಿಗೆ ಚೀಟಿ ಹಾಕಿದಾರೆ ಅಂತ ನನಗೆ ಗೊತ್ತು" ಎಂದು ಮೇಡಂ ಅಧ್ಯಕ್ಷರಿಗೆ ಹೇಳಿದ ಮೇಲೆ ಚರ್ಚೆ ಮುಂದುವರಿಯಲಿಲ್ಲ. ಬಹುಮಾನ ತಂಗಿಗೆ ಎಂದಾಯಿತು. ಜೊತೆಗೆ ಇನ್ನೆರಡು ಠರಾವುಗಳೂ ಪಾಸಾದವು. ಅಧ್ಯಕ್ಷರಿಗೆ ಜೀವಮಾನ ಸಾಧನೆಗಾಗಿ ವಿಶೇಷ ಪ್ರಶಸ್ತಿ. ಮುಂದಿನ ವರ್ಷದಿಂದ ಚಿತ್ರದಲ್ಲಿರುವವರ ಲಿಖಿತ ಒಪ್ಪಿಗೆ ಕಡ್ಡಾಯ. ಕುದುರೆ ಎಲ್ಲಿ ಸಹಿ ಹಾಕಬೇಕು ಎಂದು ಯಾರೂ ಕೇಳಲಿಲ್ಲ.

ಮೇಡಂ ಅಲ್ಲಿಂದ ನೇರ ತಂಗಿಯ ಅಂಗಡಿಗೆ ಹೋದರು. ಮಧ್ಯಾಹ್ನದ ಬಿಸಿಲಿಗೆ ಷಟರ್ ಅರ್ಧ ಇಳಿದಿತ್ತು. ತಂಗಿ ಬಾಯಲ್ಲಿ ನಾಲ್ಕು ಗುಂಡುಪಿನ್ನು ಕಚ್ಚಿಕೊಂಡು ತೋಳೊಂದನ್ನು ಕೂಡಿಸುತ್ತಿದ್ದಳು.

"ನಿನಗೆ ಬಹುಮಾನ ಬಂದಿದೆ" ಎಂದರು ಮೇಡಂ, ಬೈಯುವ ಧಾಟಿಯಲ್ಲಿ. "ಅದಿರಲಿ. ಚಿತ್ರದಲ್ಲಿರೋದು ನಾನೇ ತಾನೆ? ನಿಜ ಹೇಳು."

ತಂಗಿ ಅವಸರಪಡಲಿಲ್ಲ. ಒಂದೊಂದೇ ಪಿನ್ನು ತೆಗೆದು ಮೇಜಿನ ಅಂಚಿಗೆ ಚುಚ್ಚಿದಳು.

"ಟೇಪು ಹಿಡಿದಿರೋ ಕೈ ಯಾರದು ಅಂತ ನೋಡಿದ್ಯಾ ಅಕ್ಕ?"

"ಕೈ? ಕೈ ನಿನ್ನದು. ಅಳತೆ ತೆಗೆಯೋಳು ನೀನೇ ಅಲ್ವಾ."

"ಕೈ ನಂದು. ಹೊಟ್ಟೆನೂ ನಂದೇ. ಆ ಕೈ ಎರಡೂ ಅವಳ ಭುಜದಿಂದಲೇ ಇಳಿದಿವೆ. ಊರವರಿಗೆಲ್ಲ ಅಳತೆ ತೆಗೀತೀನಿ, ನನಗೆ ಯಾರು ತೆಗೀತಾರೆ? ಆ ಕನ್ನಡಿ ಮುಂದೆ ನಿಂತು ನಾನೇ ತೆಗ್ದುಕೋತೀನಿ. ಅದನ್ನೇ ಬರೆದೆ. ಬಂದೋರೆಲ್ಲ ಹೊಟ್ಟೆ ನೋಡಿದ್ರಿ, ಕೈ ನೋಡಿದೋರು ಒಬ್ಬರೂ ಇಲ್ಲ."

"ಆ ಹೆಬ್ಬೆರಳು?"

"ಅಮ್ಮಂದು. ನಿನಗೂ ಬಂದಿದೆ, ನನಗೂ ಬಂದಿದೆ."

ಮೇಡಂ ಗಿರಾಕಿಗಳ ಸ್ಟೂಲಿನ ಮೇಲೆ ಕೂತರು. ಫ್ಯಾನು ತಿರುಗುತ್ತಿತ್ತು, ನೆಲದ ಮೇಲಿನ ಚಿಂದಿಗಳು ಸ್ವಲ್ಪ ಸ್ವಲ್ಪವೇ ಸರಿದಾಡುತ್ತಿದ್ದವು. ಹೇಳದೇ ಎದ್ದುಹೋಗಬಹುದಿತ್ತು.

"ಬಾಗಿಲ ಹಿಂದೆ ಹಾಕಿದ್ದು ಜಾಗ ಇಲ್ಲದೆ ಅಲ್ಲ ಕಣೇ. ಬೇಕಂತಲೇ ಹಾಕಿದೆ."

"ಗೊತ್ತು" ಎಂದಳು ತಂಗಿ. ಆಮೇಲೆ ಅವಳ ದನಿ ಸ್ವಲ್ಪ ಬದಲಾಯಿತು. "ಅವತ್ತು ಗೊತ್ತಿರಲಿಲ್ಲ. ನಾಲ್ಕು ಗೋಡೆನೂ ಹುಡುಕಿದೆ. ಬೇಡ ಅಂತ ವಾಪಸ್ ಇಟ್ಟಿರಬೇಕು ಅಂದ್ಕೊಂಡೆ. ನೀನು ಬಂದು ಏನಾದ್ರೂ ಹೇಳ್ತೀಯೇನೋ ಅಂತ ಒಂದು ಲೋಟ ನೀರನ್ನ ಹತ್ತು ನಿಮಿಷ ಕುಡಿದೆ ಅಕ್ಕ. ನೀನು ನಿನ್ನ ಬೆಟ್ಟದ ಪಕ್ಕ ಕದಲದೆ ನಿಂತಿದ್ದೆ."

ಹೈಸ್ಕೂಲಿನಲ್ಲಿ ಸಾವಿರಾರು ಮಕ್ಕಳಿಂದ ತಪ್ಪೊಪ್ಪಿಗೆ ಬರೆಸಿಕೊಂಡವರಿಗೆ ಸ್ವಂತದ್ದೊಂದು ಬರೆದು ಅಭ್ಯಾಸವಿರಲಿಲ್ಲ.

"ತಪ್ಪಾಯ್ತು. ಹೊಟ್ಟೆಗೆ ಹಾಕ್ಕೊಂಡುಬಿಡೇ" ಎಂದರು ಕೊನೆಗೆ.

"ಇನ್ನೆಲ್ಲಿ ಹಾಕ್ಕೊಳ್ಳಲಿ? ಇರೋದನ್ನೇ ಒಳಗೆಳೆಯೋಕಾಗದೆ ಚಿತ್ರ ಬರೆದಿದೀನಿ" ಎಂದಳು ತಂಗಿ. ನಕ್ಕವರು ಮಾತ್ರ ಮೇಡಂ ಒಬ್ಬರೇ. ಅವಳು ಪಿನ್ನುಗಳನ್ನು ಮತ್ತೆ ಬಾಯಿಗಿಟ್ಟುಕೊಂಡು ಯಂತ್ರದ ಕಡೆ ತಿರುಗಿದಳು.

ಪ್ರದರ್ಶನ ಮುಗಿದ ಭಾನುವಾರ ಎಲ್ಲರೂ ತಂತಮ್ಮ ಚಿತ್ರ ಒಯ್ಯಲು ಬಂದರು. ಇದ್ದಬದ್ದ ರಟ್ಟು, ಕಾಗದ, ದಾರವೆಲ್ಲ ಕುದುರೆಯನ್ನು ಸುತ್ತಲು ಖರ್ಚಾಗಿಹೋಗಿತ್ತು. ಮೇಡಂ ತಮ್ಮ ಬೆಟ್ಟವನ್ನು ಕಂಕುಳಲ್ಲಿ ಇರುಕಿಕೊಂಡು, ಇನ್ನೊಂದು ಕೈಯಲ್ಲಿ ತಂಗಿಯ ಚಿತ್ರದ ಒಂದು ತುದಿ ಹಿಡಿದರು. ಇನ್ನೊಂದು ತುದಿ ತಂಗಿ ಹಿಡಿದಳು. ಹೀಗೆ ಹೊಟ್ಟೆ ಒಳಗೆಳೆದುಕೊಂಡ ಹೆಂಗಸನ್ನು ಹಾಡುಹಗಲೇ, ಮುಸುಕಿಲ್ಲದೆ, ಪೇಟೆ ಬೀದಿಯಲ್ಲಿ ಹೊತ್ತುಕೊಂಡು ಹೊರಟರು. ದಾರಿಹೋಕರು ತಿರುಗಿ ತಿರುಗಿ ನೋಡಿದರು.

ಅರ್ಧ ದಾರಿಯಲ್ಲಿ ತಂಗಿ ಕಂಕುಳಿನ ಬೆಟ್ಟದ ಕಡೆ ನೋಡಿ, "ಅಕ್ಕ, ಒಂದು ಮಾತು ಹೇಳಲಾ? ಆ ಬೆಟ್ಟದ ಮೇಲೆ ಒಂದು ಮೇಕೆನಾದ್ರೂ ಹತ್ತಿಸು" ಎಂದಳು.

"ಆ ಇಳಿಜಾರಲ್ಲಿ ಮೇಕೆ ನಿಲ್ಲಲ್ಲ. ಜಾರಿ ಬೀಳತ್ತೆ."

"ಬೀಳೋದನ್ನೇ ಬರಿ."

"ನನಗೆ ಪಾಠ ಹೇಳೋಕೆ ಬರ್ಬೇಡ. ನಾಲ್ಕು ತಿಂಗಳಾಯ್ತು ಬ್ರಷ್ ಹಿಡಿದು!" ಎಂದು ಮೇಡಂ ಸಿಡುಕಿದರು. ಸಿಡುಕುವ ರಭಸಕ್ಕೆ ಚಿತ್ರದ ತುದಿ ವಾಲಿತು. "ನೆಟ್ಟಗೆ ಹಿಡಿ ಅಕ್ಕ" ಎಂದಳು ತಂಗಿ. ಮೇಡಂ ನೆಟ್ಟಗೆ ಹಿಡಿದರು. ಔಷಧಿ ಅಂಗಡಿ ದಾಟುವವರೆಗೂ, ಮೇಕೆಗೆ ಕಾಲು ಎಷ್ಟು ಉದ್ದ ಇದ್ದರೆ ಆ ಇಳಿಜಾರಿನಲ್ಲಿ ನಿಂತೀತು ಎಂದು ಇಬ್ಬರೂ ಜಗಳವಾಡುತ್ತಲೇ ಹೋದರು.